ಕಣ್ಣಿಗೆ ಕನ್ನಡಿ, ಕ್ಯಾಮೆರಾಕ್ಕೆ ಕಾಲು: ಟೆಲಿಸ್ಕೋಪ್ ಆರಿಸುವ ಬಗೆ

ಟೆಲಿಸ್ಕೋಪ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ಅಗ್ಗದ ಟೆಲಿಸ್ಕೋಪುಗಳ ಡಬ್ಬದ ಮೇಲೆಯೂ ಅದನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ: 525 ಪಟ್ಟು, 675 ಪಟ್ಟು. ಆ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು ಬೇರೊಂದನ್ನು ಕೇಳಿಕೊಳ್ಳಬೇಕು. ನನಗೆ ಆಕಾಶವನ್ನು ಕಣ್ಣಾರೆ ನೋಡಬೇಕಾಗಿದೆಯೇ, ಅದರ ಚಿತ್ರ ತೆಗೆಯಬೇಕಾಗಿದೆಯೇ? ಈ ಎರಡು ಕೆಲಸಗಳಿಗೆ ಬೇಕಾದ ಉಪಕರಣಗಳು ಬೇರೆ ಬೇರೆ. ಎರಡಕ್ಕೂ ಆಗುತ್ತದೆ ಎಂದು ಮಾರುವ ಅಗ್ಗದ ಸೆಟ್ಟುಗಳು ಹೆಚ್ಚಾಗಿ ಎರಡರಲ್ಲೂ ನಿರಾಸೆಗೊಳಿಸುತ್ತವೆ.

ಇದರ ಕಾರಣ ಕಣ್ಣಿನ ಸ್ವಭಾವದಲ್ಲಿದೆ. ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಒಳಬಂದ ಬೆಳಕಿನಿಂದ ಚಿತ್ರ ಕಟ್ಟಿ ಮಿದುಳಿಗೆ ಒಪ್ಪಿಸಿ, ಮತ್ತೆ ಹೊಸದಾಗಿ ಶುರು ಮಾಡುತ್ತದೆ. ಮಬ್ಬಾದ ಗೆಲಾಕ್ಸಿಯೊಂದನ್ನು ಒಂದು ಗಂಟೆ ದಿಟ್ಟಿಸಿ ನೋಡಿದರೂ ಅದು ಬೆಳಗುತ್ತಾ ಹೋಗುವುದಿಲ್ಲ. ಕ್ಯಾಮೆರಾದ ಸೆನ್ಸರ್ ಹಾಗಲ್ಲ, ಶಟರ್ ತೆರೆದಿರುವಷ್ಟು ಹೊತ್ತೂ ಬಂದ ಬೆಳಕನ್ನೆಲ್ಲ ಜಮೆ ಮಾಡುತ್ತಲೇ ಇರುತ್ತದೆ. ಆದ್ದರಿಂದ ಕಣ್ಣಿಗೆ ಬೇಕಾದದ್ದು ಒಂದೇ ಕ್ಷಣದಲ್ಲಿ ಆದಷ್ಟು ಹೆಚ್ಚು ಬೆಳಕು, ಅಂದರೆ ಬೆಳಕು ಕೂಡಿಸುವ ಅಗಲವಾದ ಕನ್ನಡಿ ಅಥವಾ ಮಸೂರ. ಕ್ಯಾಮೆರಾಕ್ಕೆ ಬೇಕಾದದ್ದು ಸಮಯ, ಅಂದರೆ ಆ ಸಮಯದುದ್ದಕ್ಕೂ ಆಕಾಶದ ಜೊತೆ ಕದಲದೆ ತಿರುಗುವ ಗಟ್ಟಿಯಾದ ಮೌಂಟ್, ಟೆಲಿಸ್ಕೋಪನ್ನು ಹೊತ್ತು ನಿಲ್ಲುವ ಆಸರೆ. ಮುಂದಿನ ಮಾತುಗಳೆಲ್ಲ ಇದರ ಮೇಲೆಯೇ ನಿಂತಿವೆ.

ನೋಡುವವರಿಗೆ ವ್ಯಾಸವೇ ಬಂಡವಾಳ

ಎಳೆಯ ವಯಸ್ಸಿನವರ ಕಣ್ಣಿನ ಪಾಪೆ ಕತ್ತಲಲ್ಲಿ ಪೂರ್ತಿ ಅರಳಿದಾಗ ಸುಮಾರು 7 ಮಿಲಿಮೀಟರ್ ಅಗಲವಾಗುತ್ತದೆ. 60 ಮಿ.ಮೀ. ಮಸೂರ ಅದಕ್ಕಿಂತ ಸುಮಾರು 73 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. 200 ಮಿ.ಮೀ. ಅಂದರೆ 8 ಇಂಚಿನ ಕನ್ನಡಿ ಹಿಡಿಯುವುದು 800 ಪಟ್ಟಿಗೂ ಹೆಚ್ಚು. ಅಗಲ ಹೆಚ್ಚಿದಂತೆ ಸೂಕ್ಷ್ಮ ವಿವರಗಳೂ ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ಆಕಾಶದಲ್ಲಿ ಸಣ್ಣ ಅಂತರಗಳನ್ನು ಅಳೆಯುವುದು ಆರ್ಕ್‌ಸೆಕೆಂಡಿನಲ್ಲಿ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. 116ನ್ನು ಕನ್ನಡಿಯ ಮಿ.ಮೀ. ವ್ಯಾಸದಿಂದ ಭಾಗಿಸಿದರೆ ಎಷ್ಟು ಹತ್ತಿರದ ಎರಡು ನಕ್ಷತ್ರಗಳನ್ನು ಅದು ಬೇರ್ಪಡಿಸಿ ತೋರಿಸಬಲ್ಲದು ಎಂಬ ಅಂದಾಜು ಸಿಗುತ್ತದೆ. 60 ಮಿ.ಮೀ.ಗೆ ಅದು ಸುಮಾರು 2 ಆರ್ಕ್‌ಸೆಕೆಂಡ್, 200 ಮಿ.ಮೀ.ಗೆ 0.6ಕ್ಕಿಂತ ಕಡಿಮೆ.

ವರ್ಧನೆಯನ್ನು ನಿರ್ಧರಿಸುವುದು ಐಪೀಸ್, ಅಂದರೆ ನಾವು ಕಣ್ಣಿಡುವ ಕಡೆಯ ಮಸೂರ. ಕನ್ನಡಿ ಅಥವಾ ಮಸೂರದಿಂದ ಬೆಳಕು ಒಂದೆಡೆ ಕೂಡುವ ಜಾಗಕ್ಕಿರುವ ದೂರವೇ ಸಂಗಮದೂರ. ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 1200 ಮಿ.ಮೀ. ಸಂಗಮದೂರದ ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು. ಐಪೀಸ್ ಬದಲಿಸಿ ವರ್ಧನೆಯನ್ನು ಎಷ್ಟಕ್ಕೆ ಬೇಕಾದರೂ ಏರಿಸಬಹುದು, ಆದರೆ ಅದರಿಂದ ವಿವರ ಹೆಚ್ಚುವುದಿಲ್ಲ. ಒಂದು ಮಿ.ಮೀ. ವ್ಯಾಸಕ್ಕೆ ಎರಡು ಪಟ್ಟು ಎಂಬುದು ಮೇಲಿನ ಮಿತಿ. 60 ಮಿ.ಮೀ. ಟೆಲಿಸ್ಕೋಪಿಗೆ 120 ಪಟ್ಟು ಮುಟ್ಟಿದರೆ ಅಲ್ಲಿಗೆ ಮುಗಿಯಿತು. 675 ಎಂಬ ಅಂಕಿ ಮಬ್ಬನ್ನು ಹಿಗ್ಗಿಸುತ್ತದೆ, ಅಷ್ಟೇ. ದೊಡ್ಡ ಕನ್ನಡಿಗೂ ವಾತಾವರಣದ ಕಡಿವಾಣವಿದೆ. ಹೆಚ್ಚಿನ ರಾತ್ರಿಗಳಲ್ಲಿ 200ರ ಆಸುಪಾಸಿನಲ್ಲೇ ಚಿತ್ರ ಕುದಿಯತೊಡಗುತ್ತದೆ.

ನಿಜಕ್ಕೂ ಎಷ್ಟು ವರ್ಧನೆ ಸಾಕು? ಗುರುಗ್ರಹ ಭೂಮಿಗೆ ಹತ್ತಿರವಿರುವಾಗ ಅದರ ಬಿಂಬ ಸುಮಾರು 44 ರಿಂದ 50 ಆರ್ಕ್‌ಸೆಕೆಂಡ್ ಅಗಲ. ಚಂದ್ರಬಿಂಬ ಸುಮಾರು 1800. ಅಂದರೆ ಗುರುವನ್ನು ಬರೀ 40 ಪಟ್ಟು ದೊಡ್ಡದು ಮಾಡಿದರೆ ಸಾಕು, ಬರಿಗಣ್ಣಿಗೆ ಕಾಣುವ ಚಂದ್ರನಷ್ಟು ದೊಡ್ಡದಾಗುತ್ತದೆ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ನಾಲ್ಕು ಉಪಗ್ರಹಗಳನ್ನು ಗುರುತಿಸಿದ್ದು ಸುಮಾರು 20 ಪಟ್ಟಿನ ಕೊಳವೆಯಿಂದ.

ಹೊಸದಾಗಿ ಆಕಾಶಕ್ಕೆ ಕಣ್ಣು ಹಾಕುವವರು ಮೊದಲು ಬೈನಾಕ್ಯುಲರ್ ಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. 10x50 ಎಂದು ಬರೆದಿದ್ದರೆ 10 ಪಟ್ಟು ವರ್ಧನೆ, 50 ಮಿ.ಮೀ. ಮಸೂರ ಎಂದು ಅರ್ಥ. ಕೃತ್ತಿಕೆಯ ಗುಂಪು ಆಕಾಶದಲ್ಲಿ ಹೆಚ್ಚುಕಡಿಮೆ 2 ಡಿಗ್ರಿ ಹರಡಿಕೊಂಡಿದೆ. ಮೇಲೆ ಹೇಳಿದ 1200 ಮಿ.ಮೀ. ಟೆಲಿಸ್ಕೋಪ್ 25 ಮಿ.ಮೀ.ನ, ಪ್ಲೋಸಲ್ ಎಂಬ ಸಾಮಾನ್ಯ ಬಗೆಯ ಐಪೀಸಿನಲ್ಲಿ ತೋರಿಸುವುದು 1 ಡಿಗ್ರಿಯಷ್ಟು ಆಕಾಶ ಮಾತ್ರ, ಹಾಗಾಗಿ ಇಡೀ ಗುಂಪು ಅದರಲ್ಲಿ ಹಿಡಿಸುವುದೇ ಇಲ್ಲ. ಬೈನಾಕ್ಯುಲರಿನಲ್ಲಿ ಅದು ನೀಲಿಬಿಳಿ ಹರಳುಗಳ ಗೊಂಚಲಾಗಿ ಪೂರ್ತಿ ಕಾಣುತ್ತದೆ. ಆಂಡ್ರೊಮಿಡಾ ಗೆಲಾಕ್ಸಿಗೂ ಇದೇ ಮಾತು. ಅದರ ಉದ್ದ ಸುಮಾರು 3 ಡಿಗ್ರಿ. ಮುಂದೆ ಟೆಲಿಸ್ಕೋಪ್ ಬಂದ ಮೇಲೂ ಬೈನಾಕ್ಯುಲರ್ ಮೂಲೆ ಸೇರುವುದಿಲ್ಲ.

ಟೆಲಿಸ್ಕೋಪನ್ನೇ ಕೊಳ್ಳುವುದಾದರೆ, ನೋಡುವುದಷ್ಟೇ ಆಸೆಯಾಗಿದ್ದರೆ, 6 ಅಥವಾ 8 ಇಂಚಿನ ಡಾಬ್ಸೋನಿಯನ್ ಕೊಳ್ಳಿ. ನ್ಯೂಟನ್ 1668ರಲ್ಲಿ ಕಟ್ಟಿದ ಕನ್ನಡಿ ಟೆಲಿಸ್ಕೋಪಿನ ವಿನ್ಯಾಸವೇ ಇದರ ಕೊಳವೆ. ಹೊಸತು ಅದನ್ನು ಕೂರಿಸುವ ಪೆಟ್ಟಿಗೆ. ಇದರ ಹಿಂದೆ ಜಾನ್ ಡಾಬ್ಸನ್ ಇದ್ದಾರೆ. ಸ್ಯಾನ್‌ಫ್ರಾನ್ಸಿಸ್ಕೊದ ವೇದಾಂತ ಮಠದಲ್ಲಿ ರಾಮಕೃಷ್ಣ ಪರಂಪರೆಯ ಸಂನ್ಯಾಸಿಯಾಗಿದ್ದ ಅವರು ಹಡಗಿನ ಕಿಟಕಿಯ ಹಳೆಯ ಗಾಜನ್ನು ಕೈಯಲ್ಲೇ ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆಯಲ್ಲಿ ಕೂರಿಸಿದರು, ಮರದ ತೊಟ್ಟಿಲಿನಲ್ಲಿ ಇಟ್ಟರು. 1967ರಲ್ಲಿ ಮಠ ಬಿಟ್ಟ ಮೇಲೆ ಬೀದಿಬದಿಯಲ್ಲಿ ಟೆಲಿಸ್ಕೋಪ್ ನಿಲ್ಲಿಸಿ ದಾರಿಹೋಕರಿಗೆಲ್ಲ ಶನಿಯನ್ನೂ ಚಂದ್ರನನ್ನೂ ತೋರಿಸಿದರು. ಅವರ ಪೆಟ್ಟಿಗೆಯಲ್ಲಿ ಗೇರ್ ಇಲ್ಲ, ಮೋಟಾರ್ ಇಲ್ಲ. ಟೆಫ್ಲಾನ್ ತುಂಡುಗಳ ಮೇಲೆ ಕೊಳವೆ ನುಣ್ಣಗೆ ಜಾರುತ್ತದೆ, ಕೈ ಬಿಟ್ಟಲ್ಲಿ ನಿಲ್ಲುತ್ತದೆ. ಕೊಟ್ಟ ಹಣವೆಲ್ಲ ಕನ್ನಡಿಗೇ ಹೋಗುತ್ತದೆ. ಕಣ್ಣಿಗೆ ಬೇಕಾದದ್ದೂ ಅದೇ.

ಅಗ್ಗದ ಟೆಲಿಸ್ಕೋಪುಗಳು ಸೋಲುವುದು ಇಲ್ಲಿಯೇ. ಅವುಗಳ ಮಸೂರ ಅನೇಕ ಸಲ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಕಾಲು. ತೆಳ್ಳನೆಯ ಅಲ್ಯೂಮಿನಿಯಂ ಟ್ರೈಪಾಡಿನ ಮೇಲೆ 100 ಪಟ್ಟು ವರ್ಧನೆಯಲ್ಲಿ ಗುರುವನ್ನು ಹಿಡಿದು ಫೋಕಸ್ ತಿರುಪಿಗೆ ಬೆರಳು ತಾಗಿಸಿ ನೋಡಿ. ಗ್ರಹ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತದೆ, ನಿಲ್ಲಲು ಮೂರ್ನಾಲ್ಕು ಸೆಕೆಂಡು ಬೇಕು, ನಿಂತಾಗ ಫೋಕಸ್ ಸರಿಯಿಲ್ಲ ಎಂದು ಗೊತ್ತಾಗುತ್ತದೆ, ಮತ್ತೆ ಮುಟ್ಟಬೇಕು. ಅಷ್ಟರಲ್ಲಿ ಭೂಮಿ ತಿರುಗಿ ಗ್ರಹ ನೋಟದಿಂದಾಚೆ ಸರಿದಿರುತ್ತದೆ. ಎಷ್ಟೋ ಮಕ್ಕಳ ಆಕಾಶದ ಆಸೆ ಕಮರುವುದು ಈ ಅಲುಗಾಟದಲ್ಲಿ. ಅಂಗಡಿಯಲ್ಲಿ ನೋಡುವಾಗ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನಡುಕ ಒಂದೆರಡು ಸೆಕೆಂಡಿನಲ್ಲಿ ಅಡಗದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಐಪೀಸ್ ಎರಡು ಇದ್ದರೆ ಆರಂಭಕ್ಕೆ ಸಾಕು: 25 ಅಥವಾ 32 ಮಿ.ಮೀ.ನದೊಂದು, 10 ಮಿ.ಮೀ. ಆಸುಪಾಸಿನದೊಂದು. ಕನ್ನಡಕ ಹಾಕುವವರು ಗಮನಿಸಬೇಕಾದ ಸಂಗತಿ ಒಂದಿದೆ. 10 ಮಿ.ಮೀ. ಪ್ಲೋಸಲ್‌ನಲ್ಲಿ ಪೂರ್ತಿ ನೋಟ ಸಿಗಬೇಕಾದರೆ ಕಣ್ಣನ್ನು ಗಾಜಿಗೆ 7 ಮಿ.ಮೀ.ನಷ್ಟು ಹತ್ತಿರ ತರಬೇಕು, ಕನ್ನಡಕ ಅದಕ್ಕೆ ಎಡೆ ಕೊಡುವುದಿಲ್ಲ. ದೂರದೃಷ್ಟಿ ಅಥವಾ ಸಮೀಪದೃಷ್ಟಿಯ ದೋಷ ಮಾತ್ರವಿದ್ದರೆ ಕನ್ನಡಕ ತೆಗೆದು ಫೋಕಸ್ ಹೊಂದಿಸಿಕೊಂಡರೆ ಆಯಿತು. ಅಸ್ಟಿಗ್ಮಾಟಿಸಂ, ಅಂದರೆ ಕಣ್ಣಿನ ವಕ್ರತೆ ಎಲ್ಲ ದಿಕ್ಕಿನಲ್ಲೂ ಸಮನಾಗಿಲ್ಲದ ದೋಷ, ಹೆಚ್ಚಿದ್ದರೆ ಕನ್ನಡಕ ಬೇಕೇ ಬೇಕು, ಆಗ 15 ಮಿ.ಮೀ.ಗಿಂತ ಹೆಚ್ಚು ದೂರದಿಂದ ನೋಡಲು ಬಿಡುವ ಐಪೀಸ್ ಹುಡುಕಿ.

ಇನ್ನು ನೋಡುವ ಕ್ರಮ. ಕಣ್ಣು ಕತ್ತಲೆಗೆ ಒಗ್ಗಲು 20 ರಿಂದ 30 ನಿಮಿಷ ಬೇಕು, ಮೊಬೈಲ್ ಪರದೆಯ ಒಂದು ಮಿಂಚು ಅದನ್ನೆಲ್ಲ ಹಾಳು ಮಾಡುತ್ತದೆ. ಕೆಂಪು ದೀಪ ಬಳಸಿ. ಮಬ್ಬಾದ ವಸ್ತುವನ್ನು ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಟ ಹಾಯಿಸಿ. ಕಡಿಮೆ ಬೆಳಕಿಗೆ ಸ್ಪಂದಿಸುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಒರಾಯನ್ ನೀಹಾರಿಕೆಯನ್ನು 8 ಇಂಚಿನ ಕನ್ನಡಿಯಲ್ಲಿ ಹೀಗೆ ನೋಡಿದರೆ ಮೊದಲು ಬೂದು ಹೊಗೆಯ ಒಂದು ತೇಪೆ ಕಾಣುತ್ತದೆ, ತುಸು ಹೊತ್ತಿಗೆ ಅದರ ಎರಡು ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ, ನಡುವೆ ನಾಲ್ಕು ಪುಟ್ಟ ನಕ್ಷತ್ರಗಳು ಒತ್ತೊತ್ತಾಗಿ ನಿಂತಿರುತ್ತವೆ. ಛಾಯಾಚಿತ್ರದ ಕೆಂಪು ಮತ್ತು ನೇರಳೆ ಬಣ್ಣ ಕಾಣುವುದಿಲ್ಲ, ಹೆಚ್ಚೆಂದರೆ ತೆಳು ಹಸಿರು. ಇದು ಟೆಲಿಸ್ಕೋಪಿನ ದೋಷವಲ್ಲ, ಅಷ್ಟು ಕಡಿಮೆ ಬೆಳಕಿನಲ್ಲಿ ಕಣ್ಣು ಬಣ್ಣ ಗುರುತಿಸದು. ಆದರೂ ಸುಮಾರು 1300 ಜ್ಯೋತಿರ್ವರ್ಷ ದೂರದಿಂದ ಹೊರಟ ಬೆಳಕು ನೇರವಾಗಿ ನಿಮ್ಮ ಕಣ್ಣಿಗೇ ಬಂದು ತಾಗುತ್ತಿದೆ. ಯಾವ ಪರದೆಯೂ ಆ ಅನುಭವವನ್ನು ಕೊಡಲಾರದು.

ಇಲ್ಲಿನ ಆಕಾಶ, ಇಲ್ಲಿನ ಲೆಕ್ಕ

ಟೆಲಿಸ್ಕೋಪಿನ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಯುರೋಪ್ ಮತ್ತು ಅಮೆರಿಕದ ಅಕ್ಷಾಂಶಗಳಿಗೆ ಹೊಂದಿದವು. ಬೆಂಗಳೂರು, ಮಂಗಳೂರು ಇರುವುದು 13 ಡಿಗ್ರಿಯ ಹತ್ತಿರ, ಬೀದರ್ 18ರ ಸಮೀಪ. ಇದರಿಂದ ಗ್ರಹಗಳನ್ನು ನೋಡುವವರಿಗೆ ದೊಡ್ಡ ಲಾಭವಿದೆ. ಲಂಡನ್ನಿನಲ್ಲಿ ಕೆಲವು ವರ್ಷಗಳ ಕಾಲ ಗುರು, ಶನಿ ದಿಗಂತದಿಂದ 15 ಡಿಗ್ರಿ ಮೇಲೇರುವುದೂ ಕಷ್ಟ. ಅಷ್ಟು ಕೆಳಗಿನ ಗ್ರಹವನ್ನು ದಪ್ಪನೆಯ ಗಾಳಿಯ ಮೂಲಕ ನೋಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಅವು ತೀರಾ ದಕ್ಷಿಣಕ್ಕೆ ಸರಿದಾಗಲೂ 50 ಡಿಗ್ರಿಗಿಂತ ಎತ್ತರಕ್ಕೆ ಬರುತ್ತವೆ. ದಕ್ಷಿಣದ ಆಕಾಶವೂ ನಮಗೆ ತೆರೆದಿದೆ. ಅಗಸ್ತ್ಯ ನಕ್ಷತ್ರ 24 ಡಿಗ್ರಿ ಮೇಲೇರುತ್ತದೆ. ಲಕ್ಷಾಂತರ ನಕ್ಷತ್ರಗಳ ಉಂಡೆಯಾದ ಒಮೆಗಾ ಸೆಂಟಾರಿ ಬೇಸಿಗೆಯ ರಾತ್ರಿಗಳಲ್ಲಿ 30 ಡಿಗ್ರಿಯ ಸಮೀಪ ಬರುತ್ತದೆ. ಉತ್ತರ ಯುರೋಪಿನ ಹವ್ಯಾಸಿಗಳಿಗೆ ಇದನ್ನು ಮನೆಯಂಗಳದಿಂದ ನೋಡುವ ಭಾಗ್ಯವೇ ಇಲ್ಲ.

ಹೊಸಬರಿಗೆ ಒಳ್ಳೆಯ ಪರೀಕ್ಷೆ ಬೇಕಾದರೆ ಮದುವೆಯ ದಿನ ತೋರಿಸುವ ಅರುಂಧತಿಯ ಕಡೆಗೆ ಟೆಲಿಸ್ಕೋಪ್ ತಿರುಗಿಸಿ. ಏಪ್ರಿಲ್, ಮೇ ಸಂಜೆಗಳಲ್ಲಿ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರದಲ್ಲಿರುತ್ತದೆ. ವಸಿಷ್ಠ, ಅರುಂಧತಿ ಎರಡೂ ಒಂದೇ ನೋಟದಲ್ಲಿ ಸಿಗುತ್ತವೆ, ಮತ್ತು 50 ಪಟ್ಟು ವರ್ಧನೆಯಲ್ಲಿ ವಸಿಷ್ಠ ಒಂದೇ ನಕ್ಷತ್ರವಲ್ಲ, 14 ಆರ್ಕ್‌ಸೆಕೆಂಡ್ ಅಂತರದಲ್ಲಿ ಎರಡಾಗಿ ನಿಂತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಜೋಡಿ ನಕ್ಷತ್ರಗಳು, ಚಂದ್ರ, ಗ್ರಹಗಳು ನಗರದ ಬೆಳಕಿಗೆ ಅಷ್ಟಾಗಿ ಅಂಜುವುದಿಲ್ಲ. ಗೆಲಾಕ್ಸಿ, ನೀಹಾರಿಕೆಗಳು ಹಾಗಲ್ಲ. ಅವುಗಳ ವಿಷಯದಲ್ಲಿ ದೊಡ್ಡ ಕನ್ನಡಿಗಿಂತ ಊರಾಚೆಯ ಕತ್ತಲೆಯೇ ಹೆಚ್ಚು ಕೆಲಸ ಮಾಡುತ್ತದೆ. ಕಾರಿನಲ್ಲಿ ಒಯ್ಯಲಾಗದ 10 ಇಂಚಿಗಿಂತ ಒಯ್ಯಬಹುದಾದ 6 ಇಂಚು ಮೇಲು.

ತಾರಸಿಯ ಮೇಲೆ ನೋಡುವವರು ತಾರಸಿಯ ಬಿಸಿಯನ್ನು ಮರೆಯಬಾರದು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಬಹಳ ಹೊತ್ತಿನವರೆಗೆ ಬಿಸಿ ಉಗುಳುತ್ತದೆ, ಅದರ ಮೇಲೆ ಏಳುವ ಗಾಳಿ ಗ್ರಹದ ಬಿಂಬವನ್ನು ಕದಡುತ್ತದೆ. ಮಣ್ಣಿನ ಅಂಗಳವಿದ್ದರೆ ಅಲ್ಲಿ ಇಡಿ, ಇಲ್ಲವಾದರೆ ನಡುರಾತ್ರಿಯ ನಂತರ ನೋಡಿ. ಕನ್ನಡಿಯೂ ಹೊರಗಿನ ಗಾಳಿಯಷ್ಟೇ ತಣ್ಣಗಾಗಬೇಕು. ನೋಡುವ ಮುನ್ನ ಅರ್ಧ ಮುಕ್ಕಾಲು ಗಂಟೆ ಹೊರಗೆ ಇಟ್ಟಿರಿ. ಡಾಬ್ಸೋನಿಯನ್‌ನ ಎರಡು ಕನ್ನಡಿಗಳು ಒಂದಕ್ಕೊಂದು ನೇರವಾಗಿರಬೇಕು. ಪ್ರಖರ ನಕ್ಷತ್ರವೊಂದನ್ನು ಫೋಕಸ್‌ನಿಂದ ಸ್ವಲ್ಪ ಆಚೆ ತಂದಾಗ ಉಂಗುರಗಳು ಒಂದರೊಳಗೊಂದು ಸಮನಾಗಿ ಕಂಡರೆ ಸರಿಯಿದೆ, ಒಂದು ಕಡೆಗೆ ವಾಲಿದ್ದರೆ ಕನ್ನಡಿಯ ತಿರುಪುಗಳನ್ನು ಹೊಂದಿಸಬೇಕು. ಇದನ್ನು ಕಾಲಿಮೇಷನ್ ಎನ್ನುತ್ತಾರೆ. ಐದು ನಿಮಿಷದ ಕೆಲಸ. ಮಾಡದಿದ್ದರೆ 8 ಇಂಚಿನ ಕನ್ನಡಿಯೂ ಶನಿಯನ್ನು ಮಂಕಾಗಿ ತೋರಿಸುತ್ತದೆ.

ಚಿತ್ರಕ್ಕೆ ಇಳಿದಾಗ

ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್. ಕ್ಯಾಮೆರಾದ ಒಂದು ಪಿಕ್ಸೆಲ್ ಎಷ್ಟು ಆಕಾಶವನ್ನು ಹಿಡಿಯುತ್ತದೆ ಎಂದು ಕಂಡುಕೊಳ್ಳಲು ಪಿಕ್ಸೆಲ್ಲಿನ ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು) ಅಳತೆಯನ್ನು 206ರಿಂದ ಗುಣಿಸಿ ಮಿ.ಮೀ. ಸಂಗಮದೂರದಿಂದ ಭಾಗಿಸಬೇಕು. 3.76 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾವನ್ನು 1200 ಮಿ.ಮೀ. ಟೆಲಿಸ್ಕೋಪಿಗೆ ಹಾಕಿದರೆ ಪಿಕ್ಸೆಲ್ಲಿಗೆ 0.65 ಆರ್ಕ್‌ಸೆಕೆಂಡ್. ಮೌಂಟ್ ಸುಮ್ಮನೆ ನಿಂತಿದ್ದರೆ ನಕ್ಷತ್ರವೊಂದು ಒಂದೇ ಸೆಕೆಂಡಿನಲ್ಲಿ 23 ಪಿಕ್ಸೆಲ್ ದಾಟಿ ಹೋಗುತ್ತದೆ. ಅದೇ ಕ್ಯಾಮೆರಾವನ್ನು 400 ಮಿ.ಮೀ.ನ ಸಣ್ಣ ಮಸೂರ ಟೆಲಿಸ್ಕೋಪಿಗೆ ಹಾಕಿದರೆ ಪಿಕ್ಸೆಲ್ಲಿಗೆ ಸುಮಾರು 2 ಆರ್ಕ್‌ಸೆಕೆಂಡ್. ನಮ್ಮ ವಾತಾವರಣ ನಕ್ಷತ್ರವನ್ನು ಹೇಗೂ ಎರಡು ಮೂರು ಆರ್ಕ್‌ಸೆಕೆಂಡಿನಷ್ಟು ಹರಡುವುದರಿಂದ ಇದರಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿಲ್ಲ, ಮೌಂಟಿನ ತಪ್ಪುಗಳು ಮಾತ್ರ ಮೂರನೇ ಒಂದು ಪಾಲಿಗೆ ಇಳಿಯುತ್ತವೆ. ಗೆಲಾಕ್ಸಿ ಮತ್ತು ನೀಹಾರಿಕೆಗಳ ಚಿತ್ರ ತೆಗೆಯುವವರು ಅಂಗೈಯಗಲದ ಮಸೂರವನ್ನು ಭಾರಿ ಮೌಂಟಿನ ಮೇಲೆ ಕೂರಿಸುವುದು ಇದಕ್ಕಾಗಿ. ಅರ್ಧಕ್ಕಿಂತ ಹೆಚ್ಚು ಹಣ ಮೌಂಟಿಗೇ ಹೋಗಲಿ. ಅದು ಹೊರಬಲ್ಲದು ಎಂದು ತಯಾರಕರು ಬರೆದ ತೂಕದ ಅರ್ಧದಷ್ಟನ್ನು ಮಾತ್ರ ಹೊರಿಸಿ.

ಚಿತ್ರಕ್ಕೆ ಬೇಕಾದ ಈಕ್ವಟೋರಿಯಲ್ ಮೌಂಟಿನ ಮುಖ್ಯ ಅಕ್ಷ ಆಕಾಶದ ಧ್ರುವಕ್ಕೆ ಗುರಿಯಿಟ್ಟಿರುತ್ತದೆ. ತೆರೆದ ಕೊಡೆಯ ಹಿಡಿಯನ್ನು ಧ್ರುವದ ಕಡೆಗೆ ಚಾಚಿ ತಿರುಗಿಸಿದರೆ ಕೊಡೆಯ ಬಟ್ಟೆ ಹೇಗೆ ಸುತ್ತುತ್ತದೆಯೋ ಆಕಾಶವೂ ಹಾಗೆ ಸುತ್ತುತ್ತದೆ. ಮೌಂಟ್ ಅದೇ ಹಿಡಿಯ ಸುತ್ತ ಅದೇ ವೇಗದಲ್ಲಿ ತಿರುಗಿದರೆ ನಕ್ಷತ್ರ ನಿಂತಲ್ಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಈ ಹಿಡಿ ನೆಲದಿಂದ 13 ಡಿಗ್ರಿ ಮಾತ್ರ ಎದ್ದಿರುತ್ತದೆ. ಇದರಿಂದ ಎರಡು ತೊಡಕುಗಳು. ಕೆಲವು ಮೌಂಟುಗಳನ್ನು ಅಷ್ಟು ಕೆಳಕ್ಕೆ ಬಾಗಿಸಲು ಬರುವುದೇ ಇಲ್ಲ, ಬಾಗಿದರೂ ಸಮತೂಕದ ಗುಂಡು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಹಣ ಕೊಡುವ ಮೊದಲು ಮೌಂಟಿನ ಅಕ್ಷಾಂಶದ ಮಿತಿಯನ್ನು ಕೇಳಿ ತಿಳಿದುಕೊಳ್ಳಿ. ಎರಡನೆಯದು, ಧ್ರುವ ನಕ್ಷತ್ರ ಮರ, ಕಟ್ಟಡ, ದಿಗಂತದ ಮಸುಕಿನಲ್ಲಿ ಅನೇಕ ಕಡೆ ಕಾಣುವುದೇ ಇಲ್ಲ. ಕಂಡರೂ ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಪಕ್ಕಕ್ಕಿದೆ, ಆ ತಿದ್ದುಪಡಿ ಮಾಡಬೇಕು. ಈಗ ಕ್ಯಾಮೆರಾ ತೆಗೆದ ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ಧ್ರುವ ಕಾಣದಿದ್ದರೂ ಅಕ್ಷ ಎಷ್ಟು ತಪ್ಪಿದೆ ಎಂದು ಹೇಳುವ ತಂತ್ರಾಂಶಗಳಿವೆ. ದಕ್ಷಿಣ ಕರ್ನಾಟಕದವರಿಗೆ ಅವು ವರದಾನ.

ಒಂದೇ ದೀರ್ಘ ಎಕ್ಸ್‌ಪೋಷರ್ ಬೇಕಿಲ್ಲ. ಒಂದೆರಡು ನಿಮಿಷದ ನೂರು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸಿದರೆ ಯಾದೃಚ್ಛಿಕ ಗದ್ದಲ, ಅಂದರೆ ಚಿತ್ರದ ಮೇಲೆ ಕಾಳುಕಾಳಾಗಿ ಕಾಣುವ ಏರುಪೇರು, ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಸಿರಿಲ್, ಡೀಪ್‌ಸ್ಕೈ ಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಜೊತೆಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಕೆಲವು ಕಪ್ಪು ಚಿತ್ರಗಳನ್ನೂ, ಸಮನಾದ ಬೆಳಕಿನ ಬಿಳಿ ಬಟ್ಟೆಯ ಕೆಲವು ಚಿತ್ರಗಳನ್ನೂ ತೆಗೆದಿಡಬೇಕು. ಮೊದಲನೆಯವು ಸೆನ್ಸರಿನ ಬಿಸಿಯ ಕಲೆಗಳನ್ನು ಕಳೆಯುತ್ತವೆ, ಎರಡನೆಯವು ಧೂಳಿನ ನೆರಳು ಮತ್ತು ಅಂಚಿನ ಕತ್ತಲನ್ನು. ನಮ್ಮ ಬೆಚ್ಚನೆಯ ರಾತ್ರಿಗಳಲ್ಲಿ ಮೊದಲನೆಯವನ್ನು ಎಂದೂ ಬಿಡಬೇಡಿ. ಸೆನ್ಸರಿನ ಬಿಸಿ ಆರೇಳು ಡಿಗ್ರಿ ಏರಿದರೆ ಆ ಕಲೆಗಳು ಇಮ್ಮಡಿಯಾಗುತ್ತವೆ.

ಗ್ರಹಗಳ ಚಿತ್ರದ ದಾರಿ ಬೇರೆ. ಅಲ್ಲಿ ಬೆಳಕಿಗೆ ಬರವಿಲ್ಲ, ಕಾಡುವುದು ಕದಡಿದ ಗಾಳಿ. ದೊಡ್ಡ ಸಂಗಮದೂರದಲ್ಲಿ ಸಾವಿರಾರು ಫ್ರೇಮುಗಳ ವಿಡಿಯೊ ತೆಗೆದು, ಗಾಳಿ ಒಂದು ಕ್ಷಣ ತಿಳಿಯಾದಾಗ ಸಿಕ್ಕ ಚೆನ್ನಾದ ಫ್ರೇಮುಗಳನ್ನು ಮಾತ್ರ ಆಟೋಸ್ಟ್ಯಾಕರ್ಟ್‌ನಂಥ ತಂತ್ರಾಂಶದಿಂದ ಆರಿಸಿ ಕೂಡಿಸುತ್ತಾರೆ. ಗುರು ತನ್ನ ಸುತ್ತ ತಿರುಗಲು ತೆಗೆದುಕೊಳ್ಳುವುದು 10 ಗಂಟೆಗಿಂತ ಕಡಿಮೆ, ಹಾಗಾಗಿ ವಿಡಿಯೊ ಎರಡು ಮೂರು ನಿಮಿಷ ಮೀರಿದರೆ ಅದರ ಪಟ್ಟಿಗಳ ವಿವರ ಕಲಸಿಹೋಗುತ್ತದೆ. ಚಂದ್ರನಿಗೆ ಇಷ್ಟೆಲ್ಲ ಬೇಡ, ಐಪೀಸಿಗೆ ಮೊಬೈಲನ್ನು ಹಿಡಿಕೆಯಿಂದ ಬಿಗಿದರೆ ಸಾಕು. ಡಾಬ್ಸೋನಿಯನ್‌ಗೆ ಡಿಎಸ್‌ಎಲ್‌ಆರ್ ಜೋಡಿಸಲು ಹೊರಟವರಿಗೆ ಒಂದು ಎಚ್ಚರಿಕೆ: ಅನೇಕ ಮಾದರಿಗಳಲ್ಲಿ ಬಿಂಬ ಕೊಳವೆಗೆ ತೀರಾ ಹತ್ತಿರದಲ್ಲಿ ಮೂಡುವುದರಿಂದ ಕ್ಯಾಮೆರಾದ ಸೆನ್ಸರ್‌ಗೆ ಫೋಕಸ್ ಸಿಗುವುದೇ ಇಲ್ಲ. ನಡುವೆ ಸಂಗಮದೂರ ಹಿಗ್ಗಿಸುವ ಬಾರ್ಲೋ ಮಸೂರ ಹಾಕಿದರೆ ಬಹುತೇಕ ಸಿಗುತ್ತದೆ.

ಇದೆಲ್ಲ ತ್ರಾಸದಾಯಕ ಎನ್ನುವವರಿಗಾಗಿ ಈಚೆಗೆ ಸ್ಮಾರ್ಟ್ ಟೆಲಿಸ್ಕೋಪುಗಳು ಬಂದಿವೆ. ಸೀಸ್ಟಾರ್ ಎಸ್50ರಲ್ಲಿ 50 ಮಿ.ಮೀ. ಮಸೂರ, 250 ಮಿ.ಮೀ. ಸಂಗಮದೂರ, ಒಳಗೇ ಕ್ಯಾಮೆರಾ. ಮೊಬೈಲಿನಿಂದ ನೀಹಾರಿಕೆಯ ಹೆಸರು ಆರಿಸಿದರೆ ತಾನೇ ಹುಡುಕಿ 10 ಸೆಕೆಂಡಿನ ಚಿತ್ರಗಳನ್ನು ಕೂಡಿಸುತ್ತಾ ಹೋಗುತ್ತದೆ. ನಗರದ ಮನೆಯ ಬಾಲ್ಕನಿಯಿಂದ ನೀಹಾರಿಕೆಯ ಬಣ್ಣ ಕಾಣಬೇಕೆಂದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಗ್ರಹಗಳಿಗೆ ಮಾತ್ರ ಅದು ತೀರಾ ಚಿಕ್ಕದು. ಐಪೀಸ್ ಇಲ್ಲದ್ದರಿಂದ ಕಣ್ಣಾರೆ ನೋಡುವ ಸುಖವೂ ಇಲ್ಲ.

ಮಳೆಗಾಲ ಮತ್ತು ಸೂರ್ಯ

ಕರಾವಳಿ, ಮಲೆನಾಡಿನವರಿಗೆ ಟೆಲಿಸ್ಕೋಪಿನ ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಪೀಸು, ಮಸೂರಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ, ಬಣ್ಣ ಬದಲಿದ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಕನ್ನಡಿಯ ಮೇಲೆ ಧೂಳು ಕಂಡರೆ ಬಟ್ಟೆಯಿಂದ ಒರೆಸಬೇಡಿ, ತೆಳ್ಳನೆಯ ಲೋಹದ ಲೇಪನ ಗೀರು ಬೀಳುತ್ತದೆ. ಅಷ್ಟಿಷ್ಟು ಧೂಳಿನಿಂದ ಚಿತ್ರಕ್ಕೇನೂ ಆಗದು.

ಸೂರ್ಯನನ್ನು ನೋಡುವ ಫಿಲ್ಟರ್ ಇರಬೇಕಾದದ್ದು ಟೆಲಿಸ್ಕೋಪಿನ ಮುಂಭಾಗದಲ್ಲಿ, ಬೆಳಕು ಒಳಗೆ ಬರುವ ಮೊದಲೇ. ಹಳೆಯ ಸೆಟ್ಟುಗಳ ಜೊತೆ ಐಪೀಸಿಗೆ ತಿರುಪುವ ಕಪ್ಪು ಗಾಜು ಬಂದಿದ್ದರೆ ಅದನ್ನು ಬಿಸಾಡಿ. ಒಟ್ಟುಗೂಡಿದ ಬಿಸಿಲಿಗೆ ಅದು ಯಾವ ಕ್ಷಣದಲ್ಲಾದರೂ ಸೀಳಬಹುದು, ಸೀಳಿದರೆ ಕಣ್ಣು ಹೋಗುತ್ತದೆ. ಮುಂಭಾಗಕ್ಕೆ ಹಾಕುವ ಸೌರ ಹಾಳೆ ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ಮಂಗಳೂರು, ಕೊಡಗಿನಲ್ಲಿ ಅನೇಕರು ಇಂಥ ಹಾಳೆಯ ಮೂಲಕವೇ ನೋಡಿದರು. 2027ರ ಆಗಸ್ಟ್ 2ರ ಸೂರ್ಯಗ್ರಹಣ ಭಾರತದಲ್ಲಿ ಮಧ್ಯಾಹ್ನದ ನಂತರ ಪಾರ್ಶ್ವವಾಗಿ ಕಾಣುವುದಿದೆ. ಮೋಡ ಸರಿದರೆ ಎಂಬ ಭರವಸೆಯಿಂದ ಹಾಳೆಯನ್ನು ಮೊದಲೇ ತರಿಸಿಡಿ, ಪ್ರತಿ ಸಲ ಬಳಸುವ ಮುನ್ನ ದೀಪಕ್ಕೆ ಹಿಡಿದು ಸೂಜಿತೂತುಗಳಿವೆಯೇ ನೋಡಿ, ಗಾಳಿಗೆ ಹಾರದಂತೆ ಟೇಪಿನಿಂದ ಬಿಗಿಯಿರಿ. ಗುರಿ ಹುಡುಕಲು ಪಕ್ಕದಲ್ಲಿ ಕೂರಿಸಿರುವ ಪುಟ್ಟ ಫೈಂಡರ್ ಟೆಲಿಸ್ಕೋಪಿನ ಮುಚ್ಚಳವನ್ನು ಅಂದು ತೆಗೆಯಲೇಬೇಡಿ.